ಏಳನೇ ಸಾಲಿನಲ್ಲಿ ನಿಂತವರು

ಮಾತು ಆಡಿದರೆ ಹೋಯಿತು, ಮುತ್ತು ಒಡೆದರೆ ಹೋಯಿತು ಎನ್ನುತ್ತಾರೆ. ಸರಿ, ಆದರೆ ಬರೆದು ಅಳಿಸಿದ ಮಾತಿನ ಗತಿಯೇನು? ಅದು ಆಡಿದ್ದೂ ಅಲ್ಲ, ನುಂಗಿಕೊಂಡದ್ದೂ ಅಲ್ಲ. ಸೆರಂಬಿ ಬರುವ ತನಕ ಈ ಪ್ರಶ್ನೆಯನ್ನು ಯಾರೂ ಕೇಳಿರಲಿಲ್ಲ, ಕೇಳುವ ದರ್ದೂ ಯಾರಿಗೂ ಇರಲಿಲ್ಲ.

ಸೆರಂಬಿ ಎಂದರೆ ಇಂಡೋನೇಷ್ಯದವರ ಮಾತಿನಲ್ಲಿ ಮನೆಯ ಮುಂದಿನ ಜಗಲಿ. ಈ ಜಗಲಿಗೆ ಮಾತ್ರ ಕಟ್ಟೆಯೂ ಇರಲಿಲ್ಲ, ಕಂಬವೂ ಇರಲಿಲ್ಲ. ಅದು ಕ್ಲೌಡಿನಲ್ಲಿ ನೆಲೆಸಿದ್ದ ಕಚೇರಿ. ಅಲ್ಲಿ ಒಂದು ಪುಟ ತೆರೆದರೆ, ನೌಕರರು ಯಾವ ಊರಿನ ಯಾವ ಮೂಲೆಯಲ್ಲಿದ್ದರೂ ಎಲ್ಲರೂ ಅದೇ ಪುಟವನ್ನು ಓದಬಹುದು, ಬರೆಯಬಹುದು, ತಿದ್ದಬಹುದು. ಒಳಗೆ ಕೂತ ಕೃತಕ ಬುದ್ಧಿ ಎಲ್ಲವನ್ನೂ ಗಮನಿಸುತ್ತಿತ್ತು. ಒಪ್ಪಿಗೆಯಾದದ್ದನ್ನು ತಾನೇ ಆಜ್ಞೆ ಮಾಡಿ ಯಂತ್ರಗಳಿಗೆ ಕಳಿಸುತ್ತಿತ್ತು. ಅದಕ್ಕೆ ಇನ್ನೊಂದು ಗುಣವಿತ್ತು. ಓದುವವರ ಕಣ್ಣು, ಬೆರಳು ಯಾವ ಸಾಲಿನಲ್ಲಿ ತಡೆಯುತ್ತವೆ, ಎಲ್ಲಿ ಬರೆದು ಅಳಿಸುತ್ತಾರೆ ಎಂಬುದನ್ನು ಅದು ನೆನಪಿಟ್ಟುಕೊಳ್ಳುತ್ತಿತ್ತು. ಅಳಿಸಿದ ಮಾತನ್ನಲ್ಲ, ಅಳಿಸಿದರು ಎಂಬುದನ್ನಷ್ಟೇ. ಮಾತನ್ನು ಆ ಕ್ಷಣವೇ ಸುಟ್ಟುಬಿಡಬೇಕು ಎಂದು ಕಾನೂನಿತ್ತು. ಜನಕ್ಕೆ ಎಲ್ಲಿ ಅರ್ಥವಾಗುತ್ತಿಲ್ಲ ಎಂದು ತಿಳಿದು, ಮುಂದಿನ ಸಲ ಸರಳವಾಗಿ ಹೇಳಲಿ ಎಂದು ಈ ಏರ್ಪಾಡು ಮಾಡಿದ್ದರು.

ಕಚೇರಿಗಳಿಗೆ ಇಂಥ ಸೆರಂಬಿಯ ರೂಢಿ ಮಾಡಿಸುವುದು ಇಂದುಮತಿಯ ಕೆಲಸ. ಹೊಸಪೇಟೆಯ ಹುಡುಗಿ. ಹುಡುಗಿ ಎನ್ನುವುದು ಅವಳ ಅತ್ತೆ ಹಂಪಮ್ಮನವರ ಲೆಕ್ಕದಲ್ಲಿ, ನಲವತ್ತು ದಾಟಿತ್ತು. ಸಿಂಗಾಪುರದ ಒಂದು ಕಂಪನಿ ಅವಳನ್ನು ಊರೂರಿಗೆ ಕಳಿಸುತ್ತಿತ್ತು. ಹೊಸ ಸೊಸೆಯನ್ನು ಮನೆ ತುಂಬಿಸಿಕೊಂಡ ಹಾಗೆ ಇದು. ಮೊದಲು ಎಲ್ಲರೂ ಮೂತಿ ತಿರುಗಿಸುತ್ತಾರೆ, ಆರು ತಿಂಗಳಾದರೆ ಅವಳಿಲ್ಲದೆ ಒಲೆ ಹೊತ್ತುವುದಿಲ್ಲ. ಬ್ಯಾಂಕು, ಬಂದರು, ಜವಳಿ ಕಾರ್ಖಾನೆ ಎಲ್ಲವನ್ನೂ ಪಳಗಿಸಿ ಈಗ ಅವಳು ಜಾವಾ ದ್ವೀಪದ ಉತ್ತರ ಕರಾವಳಿಯ ತಂಬಕ್‌ಸಾರಿ ಎಂಬ ಊರಿಗೆ ಬಂದಿದ್ದಳು.

ತಂಬಕ್‌ಸಾರಿಯಲ್ಲಿ ಸಮುದ್ರ ಏರುತ್ತಿತ್ತು, ನೆಲ ಕುಸಿಯುತ್ತಿತ್ತು. ಊರಿಗೂ ಕಡಲಿಗೂ ನಡುವೆ ಒಂದು ಗೋಡೆ, ಗೋಡೆಯಲ್ಲಿ ಉಕ್ಕಿನ ಬಾಗಿಲುಗಳು. ಭರತದಲ್ಲಿ ಬಾಗಿಲು ಇಳಿಸಬೇಕು, ಇಳಿತದಲ್ಲಿ ಎತ್ತಿ ಊರಿನ ಕಾಲುವೆಯ ನೀರನ್ನು ಹೊರಗೆ ಬಿಡಬೇಕು. ಬೇಗ ಇಳಿಸಿದರೆ ಕಾಲುವೆ ಉಕ್ಕುತ್ತದೆ, ತಡವಾದರೆ ಕಡಲೇ ಒಳಗೆ ಬರುತ್ತದೆ. ಈ ಬಾಗಿಲುಗಳ ನಿಯಂತ್ರಣ ಕೊಠಡಿಗೆ ಸೆರಂಬಿ ಬಂದು ವರ್ಷವಾಗುತ್ತ ಬಂದಿತ್ತು. ಕೈಯಿಂದ ಬಾಗಿಲು ಇಳಿಸುವ ಚಕ್ರಗಳನ್ನು ಕಳಚಿ ಗುಜರಿಗೆ ಹಾಕಿಯೂ ಆಗಿತ್ತು.

ಕೊಠಡಿಯ ಮುಖ್ಯಸ್ಥರು ಪಾಕ್ ಸುಗೆಂಗ್. ಪಾಕ್ ಎಂದರೆ ನಮ್ಮ ಕಡೆ ಅಪ್ಪಾರು ಅಂದ ಹಾಗೆ. ಹನ್ನೆರಡು ವರ್ಷದ ಹಿಂದಿನ ಮಹಾಭರತದಲ್ಲಿ, ಹವಾಮಾನದವರು ಎಚ್ಚರಿಕೆ ಕೊಡುವ ಮೊದಲೇ ಬಾಗಿಲುಗಳನ್ನೆಲ್ಲ ಇಳಿಸಿ ಊರನ್ನು ಉಳಿಸಿದವರು. ಅವರು ಬೀದಿಯಲ್ಲಿ ನಡೆದರೆ ಸ್ಕೂಟರುಗಳು ತಾವಾಗಿಯೇ ನಿಧಾನವಾಗುತ್ತಿದ್ದವು. ಇನ್ನೊಂದು ತಿಂಗಳಿಗೆ ನಿವೃತ್ತಿ. ಪ್ರತಿ ದೊಡ್ಡ ಭರತಕ್ಕೂ ಯಾವ ಬಾಗಿಲು ಯಾವಾಗ ಇಳಿಯಬೇಕೆಂಬ ಯೋಜನೆಯನ್ನು ಅವರು ಸೆರಂಬಿಯ ಪುಟದಲ್ಲಿ ಬರೆಯುತ್ತಿದ್ದರು. ಹಿಂದಿನ ದಿನ ಸಂಜೆ ಐದರವರೆಗೆ ಯಾರೂ ತಕರಾರು ಬರೆಯದಿದ್ದರೆ ಪುಟಕ್ಕೆ ಬೀಗ ಬಿದ್ದು, ಯೋಜನೆ ಆಜ್ಞೆಯಾಗುತ್ತಿತ್ತು.

ಮೌನ ಸಮ್ಮತಿ ಲಕ್ಷಣ. ಈ ನಿಯಮ ಬರೆದವಳು ಇಂದುಮತಿಯೇ, ಅದರ ಬಗ್ಗೆ ಅವಳಿಗೆ ತುಸು ಜಂಬವೂ ಇತ್ತು. ಬೀಗ ಬಿದ್ದ ಮೇಲೆ ಬರೆದವರು ತಾವೇ ತಿದ್ದುವಂತಿಲ್ಲ, ಬೇರೊಬ್ಬ ನೌಕರ ತನ್ನ ಹೆಸರಿನಲ್ಲಿ ಆಕ್ಷೇಪ ಬರೆದರೆ ಮಾತ್ರ ಪುಟ ತೆರೆಯುತ್ತದೆ ಎಂಬ ಇನ್ನೊಂದು ನಿಯಮವೂ ಅವಳದ್ದೇ. ಯಾವುದೋ ದೊಡ್ಡ ಮನುಷ್ಯ ಫೋನು ಮಾಡಿ, ನನ್ನ ಗೋದಾಮಿನ ಕಡೆಯ ಬಾಗಿಲು ಮೊದಲು ಹಾಕಿ ಅಂದರೆ ಮುಖ್ಯಸ್ಥರು ಮುಲಾಜಿಗೆ ಬಿದ್ದು ಬದಲಿಸಬಾರದಲ್ಲ!

ಆ ದಿನ ಬೆಳಿಗ್ಗೆ ಮನೆಯಲ್ಲಿ ಹಂಪಮ್ಮ ಹಪ್ಪಳ ಲಟ್ಟಿಸುತ್ತಿದ್ದರು. ಮಗ ಪಂಪಾಪತಿ ಹೂಳೆತ್ತುವ ಹಡಗಿನಲ್ಲಿ ಕೆಲಸಕ್ಕಿದ್ದ. ತಿಂಗಳಿನ ಅರ್ಧ ಭಾಗ ನೀರಿನ ಮೇಲೆಯೇ. ಹಾಗಾಗಿ ಮನೆಯಲ್ಲಿ ಇದ್ದವರು ಅತ್ತೆ ಸೊಸೆ ಇಬ್ಬರೇ. ಮನೆ ಪೂರ್ವದ ಬಾಗಿಲಿನ ಹಿಂದಿನ ಓಣಿಯಲ್ಲಿತ್ತು. ಹಂಪಮ್ಮನವರ ಮೊಣಕಾಲು ಮೆಟ್ಟಿಲು ಹತ್ತುವುದಿಲ್ಲ ಎಂದೇ ನೆಲಮನೆ ಹಿಡಿದಿದ್ದರು.

"ನಾಳಿ ದೊಡ್ಡ ಭರತ ಅಂತಲ್ಲಬೇ. ಬಾಜೂ ಮನಿ ಹೆಣ್ಮಗಳು ಅಕ್ಕಿ ಚೀಲ ಮಂಚದ ಮ್ಯಾಲೆ ಇಡಾಕತ್ತಿದ್ಲು. ನಾನೂ ಇಡ್ಲೇನು?" ಎಂದರು.

"ಬ್ಯಾಡ್ರೀ ಅತ್ತಿ. ಈಗೆಲ್ಲ ಸೆರಂಬಿ ನೋಡಿಕೊಂತೈತಿ. ನೀವು ಅಂಗಳದಾಗ ಆರಾಮ ಹಪ್ಪಳ ಒಣಗಿಸ್ರಿ," ಎಂದು ಹೇಳಿ ಇಂದುಮತಿ ಕೆಲಸಕ್ಕೆ ಹೊರಟಳು.

ಮಧ್ಯಾಹ್ನದ ಊಟ ಮುಗಿಸಿ ಪರದೆಯ ಮುಂದೆ ಕೂತಾಗ, ಪುಟದ ಉಸ್ತುವಾರಿಗೆ ಮಾತ್ರ ಕಾಣುವ ಅಂಚಿನಲ್ಲಿ ಸೆರಂಬಿ ಹೀಗೆ ಬರೆದಿತ್ತು: "ಏಳನೇ ಸಾಲಿನಲ್ಲಿ ಓದಿದವರೆಲ್ಲ ನಿಂತಿದ್ದಾರೆ. ಬಹಳ ಜನ ಬರೆದು ಅಳಿಸಿದ್ದಾರೆ. ಆಕ್ಷೇಪ ಯಾರದ್ದೂ ಇಲ್ಲ."

ಏಳನೇ ಸಾಲು ಪೂರ್ವದ ಬಾಗಿಲಿನದು. ಕಡಲು ಎಷ್ಟು ಎತ್ತರಕ್ಕೆ ಬಂದಾಗ ಅದನ್ನು ಇಳಿಸಬೇಕೆಂದು ಸುಗೆಂಗ್ ಬರೆದ ಸಾಲು. ಇಂದುಮತಿ ಅದನ್ನು ಓದಿದಳು. ಅವಳಿಗೆ ಅದರಲ್ಲಿ ತಲೆಯೂ ಕಾಣಲಿಲ್ಲ, ಬಾಲವೂ ಕಾಣಲಿಲ್ಲ. ಅವಳು ಓದಿದ್ದು ಕಂಪ್ಯೂಟರು, ನೀರಲ್ಲ.

"ಏನು ತಪ್ಪಿದೆ ಅದರಲ್ಲಿ?" ಎಂದು ಸೆರಂಬಿಯನ್ನು ಕೇಳಿದಳು.

"ನನಗೆ ಗೊತ್ತಿಲ್ಲ. ನನ್ನ ಬಳಿ ಇರುವ ಅಳತೆಗಳ ಪ್ರಕಾರ ಸಾಲು ಸರಿಯಾಗಿಯೇ ಇದೆ."

ಪಕ್ಕದ ಮೇಜಿನಲ್ಲಿ ಲೆಸ್ತಾರಿ ಕೂತಿದ್ದಳು. ಪೂರ್ವದ ಬಾಗಿಲಿನ ಎಂಜಿನಿಯರು. ಸುಗೆಂಗ್ ಅವರ ಕೈಕೆಳಗೇ ಕೆಲಸಕ್ಕೆ ಸೇರಿ, ಅವರ ಕೈಯಲ್ಲೇ ಪಳಗಿದವಳು. ಇಂದುಮತಿಗೆ ಅವರ ಭಾಷೆ ರೂಢಿಯಾಗಿ ವರ್ಷಗಳಾಗಿದ್ದವು. ಅಲ್ಲಿಯವರು ಏನೇ ಮಾತಾಡಿದರೂ ಅವಳ ಕಿವಿಯೊಳಗೆ ಅದು ಕನ್ನಡವಾಗಿಯೇ ಇಳಿಯುತ್ತಿತ್ತು.

"ಲೆಸ್ತಾರಿ, ನಾಳೆಯ ಯೋಜನೆ ಎಲ್ಲ ಸರಿ ಇದೆಯಲ್ಲ?"

"ಇದೆ ಬು," ಎಂದಳು ಲೆಸ್ತಾರಿ. ಬು ಎಂದರೆ ಅಮ್ಮಾರು. "ಪಾಕ್ ಸುಗೆಂಗ್ ಬರೆದ ಮೇಲೆ ಇನ್ನೇನಿರುತ್ತೆ?"

"ಏನಾದರೂ ಇದ್ದರೆ ನನಗೊಬ್ಬಳಿಗೇ ಖಾಸಗಿಯಾಗಿ ಮೆಸೇಜು ಹಾಕು."

ಲೆಸ್ತಾರಿ ನಕ್ಕಳು. ತಂಬಕ್‌ಸಾರಿಯಲ್ಲಿ ಜನ ಬೇಜಾರಾದಾಗಲೂ ನಗುತ್ತಾರೆ, ಹೆದರಿದಾಗಲೂ ನಗುತ್ತಾರೆ. "ಅದೂ ಸೆರಂಬಿಯಲ್ಲೇ ಅಲ್ವಾ ಬು ಬರೆಯೋದು? ಬರೆದದ್ದು ಬರೆದ ಹಾಗೇ ಉಳಿಯುತ್ತೆ." ಆಮೇಲೆ ತನಗೆ ತಾನೇ ಎಂಬಂತೆ, "ಮೊದಲಾಗಿದ್ದರೆ ಚಹಾ ಇತ್ತು," ಎಂದಳು.

"ಚಹಾ ಬೇಕಾ? ಮೆಷಿನ್ನಿನಲ್ಲಿ ಇದೆಯಲ್ಲ!"

"ಆ ಚಹಾ ಅಲ್ಲ ಬು," ಎಂದು ಲೆಸ್ತಾರಿ ಮತ್ತೆ ನಕ್ಕು, ಪರದೆಯ ಕಡೆ ತಿರುಗಿದಳು.

ಇಂದುಮತಿ ಇನ್ನೂ ನಾಲ್ಕಾರು ಜನರನ್ನು ಮಾತಾಡಿಸಿದಳು. ಎಲ್ಲರದ್ದೂ ಅದೇ ನಗು, ಅದೇ ಉತ್ತರ. ಕೊನೆಗೆ ನೇರವಾಗಿ ಸುಗೆಂಗ್ ಅವರನ್ನೇ ಕೇಳಿಬಿಡೋಣ ಎಂದು ಅವರ ಕೊಠಡಿಗೆ ಹೋದಳು. ಅವರು ಎದ್ದು ನಿಂತು ಸ್ವಾಗತಿಸಿದರು. ಕಳೆದ ತಿಂಗಳು ಮಗಳ ಮದುವೆಗೆಂದು ಮೂರು ವಾರ ರಜೆ ಹಾಕಿದ್ದರಂತೆ. ಒಬ್ಬಳೇ ಮಗಳು, ಊರೆಲ್ಲ ಬಂದಿತ್ತಂತೆ. ಮದುವೆಯ ತೆಂಗಿನ ಮಿಠಾಯಿ ಇನ್ನೂ ಉಳಿದಿದೆ ಎಂದು ಡಬ್ಬಿ ಮುಂದೆ ಹಿಡಿದರು. ಬಾಯಿ ತುಂಬ ಮಿಠಾಯಿ ಇಟ್ಟುಕೊಂಡು, ಎದುರಿಗೆ ಆ ತುಂಬಿದ ಮುಖ ನೋಡುತ್ತ, ನಿಮ್ಮ ಜನಕ್ಕೆ ನಿಮ್ಮ ಮೇಲೆ ಅನುಮಾನ ಬಂದಿದೆ ಎಂದು ಹೇಳುವುದು ಹೇಗೆ?  ಮಿಠಾಯಿ ಚೆನ್ನಾಗಿದೆ ಪಾಕ್ ಎಂದು ಹೇಳಿ ಹೊರಗೆ ಬಂದಳು. ಐದಕ್ಕೆ ಪುಟಕ್ಕೆ ಬೀಗ ಬಿತ್ತು. ಪರದೆ ಹಸಿರಾಗಿ, ಸರ್ವಾನುಮತ ಎಂದು ತೋರಿಸಿತು.

ಮನೆಗೆ ಬಂದವಳ ಮುಖ ನೋಡಿಯೇ ಹಂಪಮ್ಮ, "ಏನಾತಬೇ? ಯಾರರ ಬೈದ್ರೇನು?" ಎಂದರು.

ಇಂದುಮತಿ ಅಡಿಗೆಮನೆಯ ಹೊಸ್ತಿಲ ಮೇಲೆ ಕೂತು ಎಲ್ಲವನ್ನೂ ಹೇಳಿದಳು. ಹೇಳುತ್ತ ಹೇಳುತ್ತ ಸಿಟ್ಟೂ ಬಂತು. "ಅಷ್ಟೂ ಮಂದಿಗೆ ಗೊತ್ತೈತ್ರೀ. ಒಬ್ಬರೂ ಬಾಯಿ ಬಿಡವಲ್ರು. ನಾಳೆ ನೀರು ಬಂದ್ರ ಮೊದಲು ನಮ್ಮ ಓಣಿಗೇ ಬರ್ತೈತಿ. ಒಂದು ಸಾಲು ಬರಿಯಾಕ ಇವರಿಗೇನ್ ಧಾಡಿ?"

"ನೀ ಹೇಳಿದ್ಯೇನು ಆ ಹಿರೇ ಮನುಷ್ಯಾಗ?"

"ಅವರು ಮಿಠಾಯಿ ಕೊಟ್ರು, ತಿಂದು ಬಂದೆ," ಎಂದಳು ಇಂದುಮತಿ.

"ನಿನಗೂ ಭಿಡೆ, ಅವರಿಗೂ ಭಿಡೆ," ಎಂದು ಹಂಪಮ್ಮ ನಕ್ಕರು. "ದೊಡ್ಡೋರು ಬರೆದಿದ್ದನ್ನ ಊರ ಮುಂದ ಗೋಡಿ ಮ್ಯಾಲೆ ತಪ್ಪು ಅಂತ ಯಾರು ಬರೀತಾರವ್ವಾ? ನಾ ಹೊಸದಾಗಿ ಬಂದಾಗ ನಮ್ಮ ಮಾವಾರು ಒಂದಿನ ಸಂತಿ ಅಂತ ಬಂಡಿ ಕಟ್ಟಿಸಿದ್ರು. ಸಂತಿ ಮರುದಿನ ಇತ್ತು. ಮನಿ ಮಂದಿಗೆಲ್ಲ ಗೊತ್ತು, ಯಾರೂ ಪಿಟ್ಟೆನ್ನವಲ್ರು. ನಾನು ನೀರಿನ ತಂಬಿಗಿ ಕೊಡ್ತಾ, ಮಾವಾರ, ನಮ್ಮ ತವರಾಗ ವಾರ ಎಣಿಸೋದು ಬ್ಯಾರೆ ಐತ್ರಿ, ಇಲ್ಲೆ ಹೆಂಗ ಎಣಸ್ತೀರಿ, ನನಗ ಕಲಸ್ರಿ ಅಂದೆ. ಅವರು ಬಟ್ಟು ಮಡಿಚಿ ಎಣಸಾಕತ್ರು. ಎಣಸ್ತಾ ಎಣಸ್ತಾ ತಾವಾ ನಿಂತ್ರು. ಎತ್ತು ಬಿಚ್ರೋ ಅಂದ್ರು, ಅಷ್ಟಾ."

"ಹೊಸ ಸೊಸಿಗೆ ಏನೂ ತಿಳಿಯಂಗಿಲ್ಲ ಅಂತ ಅವರಿಗೂ ಅನಿಸಿರಬೇಕು."

"ಅನಿಸ್ಲಿ ಬಿಡು. ತಿಳೀದವರು ಒಬ್ಬರಿರಬೇಕು ಮನ್ಯಾಗ. ತಿಳಿದವರೇ ತುಂಬಿದ್ರ ಕೇಳೋರ್ಯಾರು? ನಿಮ್ಮ ಕಚೇರ್ಯಾಗ ಹೊಸಬ್ರು ಯಾರೂ ಇಲ್ಲೇನು?"

ಇಂದುಮತಿ ಇಲ್ಲ ಎನ್ನಲು ಹೋಗಿ ತಡೆದಳು. ಇತ್ತು. ಎಲ್ಲರಿಗಿಂತ ಹೊಸದು, ಎಲ್ಲರಿಗಿಂತ ಕಿರಿಯದು, ಮರ್ಯಾದೆ ಹೋಗುವ ಭಯವೇ ಇಲ್ಲದ್ದು. ಅದನ್ನು ಎಲ್ಲ ತಿಳಿದದ್ದು ಎಂದು ಹೇಳಿ ಹೇಳಿ ಕಚೇರಿಗಳಿಗೆ ಒಪ್ಪಿಸಿದವಳೇ ಅವಳು.

ಅಲ್ಲಿ ಕೂತೇ ಫೋನು ತೆಗೆದು ಸೆರಂಬಿಗೆ ಬರೆದಳು: "ಏಳನೇ ಸಾಲು ಯಾಕೆ ಹಾಗಿದೆ ಎಂದು ನಾಳೆ ಬೆಳಿಗ್ಗೆ ಪಾಕ್ ಸುಗೆಂಗ್ ಅವರನ್ನು ಕೇಳುತ್ತೀಯಾ? ಪರೀಕ್ಷೆ ಮಾಡುವವರ ಹಾಗಲ್ಲ. ಕಲಿಯುವವರ ಹಾಗೆ."

"ಕೇಳುತ್ತೇನೆ. ನನಗೆ ನಿಜವಾಗಿಯೂ ಗೊತ್ತಿಲ್ಲ," ಎಂದು ಉತ್ತರ ಬಂತು. "ಉತ್ತರ ಹೇಳು ಎಂದು ಎಲ್ಲರೂ ಹೇಳಿದ್ದಾರೆ. ಕೇಳು ಎಂದವರು ನೀವೇ ಮೊದಲು."

ಆ ಚಹಾ ಅಲ್ಲ ಎಂದು ಲೆಸ್ತಾರಿ ಹೇಳಿದ್ದು ಈಗ ಅವಳಿಗೆ ಹೊಳೆಯಿತು. ಮೊದಲು ಈ ಕಚೇರಿಯಲ್ಲಿ ಸಂಜೆ ಎಲ್ಲರೂ ಹಿಂದಿನ ಕೋಣೆಯ ಚಾಪೆಯ ಮೇಲೆ ಕೂತು ಚಹಾ ಕುಡಿಯುತ್ತಿದ್ದರು. ಹಾಳು ಹರಟೆ, ಸಮಯ ದಂಡ ಎಂದು ತೀರ್ಮಾನಿಸಿ, ಜನರನ್ನು ಪಂಪ್‌ಹೌಸುಗಳಿಗೆ ಹಂಚಿ, ಚಾಪೆಯ ಕೋಣೆಯಲ್ಲಿ ಸೆರಂಬಿಯ ಪೆಟ್ಟಿಗೆಗಳನ್ನು ಇಡಿಸಿದವಳು ಅವಳು. ಆ ಹರಟೆಯಲ್ಲಿ ಏನೇನು ತಿದ್ದುಪಡಿಯಾಗುತ್ತಿತ್ತೋ ದೇವರೇ ಬಲ್ಲ.

ಮರುದಿನ ಬೆಳಿಗ್ಗೆ ಹಂಪಮ್ಮ ಮೆಣಸಿನಕಾಯಿ ಬಜ್ಜಿ ಕರಿದು ದೊಡ್ಡ ಡಬ್ಬಿಗೆ ತುಂಬಿಕೊಟ್ಟರು. ಇಂದುಮತಿ ಬೇರೆ ಪಂಪ್‌ಹೌಸುಗಳಿಂದ ಬರಲಾದವರನ್ನೆಲ್ಲ ಕರೆಸಿ, ನಿಯಂತ್ರಣ ಕೊಠಡಿಯ ನೆಲದ ಮೇಲೆ ಚಾಪೆ ಹಾಸಿಸಿದಳು. ಚಹಾ ಬಂತು. ಸುಗೆಂಗ್ ಒಂದು ಬಜ್ಜಿ ಕಚ್ಚಿ, ಕಣ್ಣಲ್ಲಿ ನೀರು ತಂದುಕೊಂಡು, "ಇದನ್ನು ಮಾಡಿದವರು ಬಾಗಿಲು ಕಾಯುವ ಕೆಲಸಕ್ಕೆ ಬಂದರೆ ಕಡಲು ಹತ್ತಿರ ಸುಳಿಯಲ್ಲ," ಎಂದರು. ಎಲ್ಲರೂ ನಕ್ಕರು. ಎಷ್ಟೋ ತಿಂಗಳಿಂದ ಆ ಕೊಠಡಿಯಲ್ಲಿ ಅಂಥ ನಗು ಕೇಳಿರಲಿಲ್ಲ.

ನಗು ಇಳಿಯುತ್ತಿದ್ದಂತೆ ಸೆರಂಬಿಯ ದನಿ ಬಂತು. "ಪಾಕ್, ಇಲ್ಲಿ ನಾನೇ ಎಲ್ಲರಿಗಿಂತ ಹೊಸಬ. ಪೂರ್ವದ ಬಾಗಿಲನ್ನು ಯಾವಾಗ ಇಳಿಸಬೇಕೆಂದು ನೀವು ಹೇಗೆ ತಿಳಿಯುತ್ತೀರಿ? ನನಗೆ ಕಲಿಸುತ್ತೀರಾ?"

ಸುಗೆಂಗ್ ಲೋಟ ಕೆಳಗಿಟ್ಟರು. ಅವರ ಮುಖ ಅರಳಿದ್ದನ್ನು ಇಂದುಮತಿ ನೋಡಿದಳು. ಕಲಿಸಿ ಎಂದು ಅವರನ್ನು ಯಾರೂ ಕೇಳದೆ ಒಂದು ವರ್ಷವಾಗಿತ್ತು ಎಂಬುದು ಆಗ ಅವಳಿಗೆ ಅರಿವಾಯಿತು.

"ಯಾಕಿಲ್ಲ? ಬಾ, ಕೂತುಕೋ," ಎಂದರು ಅವರು, ಕೂರಲು ಮೈಯಿಲ್ಲದ ಶಿಷ್ಯನಿಗೆ. "ಕಾಲುವೆಯ ಪೂರ್ವದ ದಂಡೆ ಎಲ್ಲಕ್ಕಿಂತ ತಗ್ಗು. ಅದರ ಹಿಂದೆ ಓಣಿಗಳಿವೆ. ನೀರು ದಂಡೆಯ ತುಟಿ ಮುಟ್ಟುವ ಮೊದಲೇ ಬಾಗಿಲು ಇಳಿದಿರಬೇಕು. ದಂಡೆ ಮಣ್ಣಿನದು, ಪ್ರತಿವರ್ಷ ಇಷ್ಟಿಷ್ಟು ಕುಸಿಯುತ್ತೆ. ಹಾಗಾಗಿ ಅದನ್ನು ನಂಬಬಾರದು. ಬಾಗಿಲಿನ ಪಕ್ಕ ಕಲ್ಲುಕಂಬ ಇದೆ, ಬಂಡೆಯ ಮೇಲೆ ನಿಂತಿರೋದು, ಅದು ಕುಸಿಯಲ್ಲ. ದಂಡೆಯ ತುಟಿಯ ಮಟ್ಟಕ್ಕೆ ಕಂಬದ ಮೇಲೆ ಒಂದು ಬಿಳಿ ಗೆರೆ ಬಳಿದಿರುತ್ತೆ. ನಾನು ಬರೆದದ್ದು ಆ ಗೆರೆಗಿಂತ ನಾಲ್ಕು ಬೆರಳು ಕೆಳಗಿನ ಎತ್ತರ."

"ಆ ಗೆರೆ ನನಗೆ ಕಾಣುವುದಿಲ್ಲ, ಪಾಕ್. ಅಲ್ಲಿ ನನ್ನ ಕಣ್ಣಿಲ್ಲ."

"ಅದಕ್ಕೇನು, ನಾನು ನೋಡಿ ಹೇಳ್ತೀನಿ," ಎಂದು ಸುಗೆಂಗ್ ಎದ್ದು ಕಿಟಕಿಯ ಹತ್ತಿರ ಹೋದರು.

 ಅವರು ನೋಡಿದರು. ಕನ್ನಡಕ ತೆಗೆದು ಒರೆಸಿಕೊಂಡು ಇನ್ನೊಮ್ಮೆ ನೋಡಿದರು. ಕಂಬದ ಮೇಲೆ ಹಳೆಯ ಗೆರೆ ಮಾಸಿತ್ತು. ಅದರಿಂದ ಒಂದು ಗೇಣು ಕೆಳಗೆ ಹೊಸ ಗೆರೆ ಬೆಳ್ಳಗೆ ಹೊಳೆಯುತ್ತಿತ್ತು.

"ಇದನ್ನು ಯಾವಾಗ ಬಳಿದರು?" ಎಂದರು, ಹಿಂದೆ ತಿರುಗದೆ.

ಲೆಸ್ತಾರಿಯೇ ಹೇಳಿದಳು. "ನೀವು ಮಗಳ ಮದುವೆಗೆ ಹೋಗಿದ್ದಾಗ, ಪಾಕ್. ದಂಡೆ ಒಮ್ಮೆಲೇ ಕುಸಿಯಿತು. ಬೇರೆ ಯಾರಾದರೂ ನಿಮಗೆ ಹೇಳಿರಬಹುದು ಅಂತ..." 

ಲೆಕ್ಕ ಎಲ್ಲರಿಗೂ ಆಯಿತು. ಸೆರಂಬಿ ಹಳೆಯ ಗೆರೆಗೆ ಕಾಯುತ್ತದೆ. ಅಷ್ಟರಲ್ಲಿ ಕಡಲು ದಂಡೆ ದಾಟಿ ಓಣಿಗಳಿಗೆ ನುಗ್ಗಿರುತ್ತದೆ. ಕಾಲುವೆಯಲ್ಲಿ ನೀರು ಆಗಲೇ ಏರತೊಡಗಿತ್ತು. ಇಂದುಮತಿಗೆ ಅಂಗಳದಲ್ಲಿ ಹಪ್ಪಳದ ಮುಂದೆ ಕಾಲು ಚಾಚಿ ಕೂತ ಹಂಪಮ್ಮ ಕಣ್ಣಿಗೆ ಕಟ್ಟಿದರು.

ಸುಗೆಂಗ್ ದಡಬಡನೆ ಬಂದು ಪುಟ ತೆರೆದು ಏಳನೇ ಸಾಲಿನ ಮೇಲೆ ಬೆರಳಿಟ್ಟರು. ಬರೆದವರು ತಿದ್ದುವಂತಿಲ್ಲ ಎಂದು ಪರದೆ ಹೇಳಿತು. ಮತ್ತೆ ಇಟ್ಟರು. ಮತ್ತೆ ಅದೇ. ಅವರು ಇಂದುಮತಿಯ ಕಡೆ ನೋಡಿದರು.

"ಬೇರೆ ಯಾರಾದರೂ ಆಕ್ಷೇಪ ಬರೆಯಬೇಕು, ಪಾಕ್," ಎಂದಳು ಅವಳು. ಅದು ಅವಳದ್ದೇ ನಿಯಮ. "ನೌಕರರೇ ಬರೆಯಬೇಕು. ನಾನು ಹೊರಗಿನವಳು, ನನ್ನದು ನಡೆಯಲ್ಲ."

ಬೆಕ್ಕಿಗೆ ಗಂಟೆ ಕಟ್ಟುವವರು ಯಾರು? ಎಲ್ಲರೂ ಚಾಪೆಯ ಹೆಣಿಗೆ ನೋಡುತ್ತ ನಿಂತರು. ಅವರನ್ನು ಹೇಡಿಗಳು ಎನ್ನುವುದು ಸುಲಭ. ಅವರಲ್ಲಿ ಕೆಲವರು ಸುಗೆಂಗ್ ಅವರ ಜೊತೆ ಎದೆಮಟ್ಟದ ನೀರಿನಲ್ಲಿ ನಿಂತು ಪಂಪು ರಿಪೇರಿ ಮಾಡಿದವರು. ಅದಕ್ಕೆ ಹೆದರಿರಲಿಲ್ಲ. ಆದರೆ ಗವರ್ನರರ ಕಚೇರಿಯವರೂ ಓದುವ ಪುಟದಲ್ಲಿ, ನಿವೃತ್ತಿಯ ಹೊಸ್ತಿಲಲ್ಲಿ ನಿಂತ ಆ ಮನುಷ್ಯನ ಹೆಸರಿನ ಕೆಳಗೆ ತಪ್ಪು ಎಂದು ಬರೆಯುವುದು ಬೇರೆಯೇ ಮಾತು.

"ಲೆಸ್ತಾರಿ, ನೀನು ಬರಿ," ಎಂದರು ಸುಗೆಂಗ್.

ಲೆಸ್ತಾರಿ ಬಂದು ಕೂತಳು. ಬರೆದಳು, ಅಳಿಸಿದಳು. ಮತ್ತೆ ಬರೆದಳು, ಮತ್ತೆ ಅಳಿಸಿದಳು. ಅವಳ ಕೆನ್ನೆಯ ಮೇಲೆ ನೀರಿಳಿಯುತ್ತಿತ್ತು. "ನನ್ನ ಕೈಲಿ ಆಗಲ್ಲ ಪಾಕ್. ನಿಮ್ಮ ಹೆಸರಿದೆ ಅಲ್ಲಿ."

ಸುಗೆಂಗ್ ಅವಳ ಪಕ್ಕ ನೆಲದ ಮೇಲೆ ಕೂತರು. "ನನ್ನ ಮರ್ಯಾದೆ ಉಳೀಲಿ ಅಂತ ತಾನೆ ನೀನು ಅಳಿಸ್ತಿರೋದು? ಆ ಓಣಿಯಲ್ಲಿ ನೀರು ನಿಂತ ಮೇಲೆ ನನ್ನ ಮರ್ಯಾದೆಯನ್ನು ಯಾವ ಗೂಟಕ್ಕೆ ನೇತುಹಾಕಲಿ? ಮಗಳೇ, ಇವತ್ತು ನೀನು ಬರೆದರೆ ಅದೇ ನೀನು ನನಗೆ ಮಾಡೋ ಮರ್ಯಾದೆ. ಬರಿ."

ಅವಳು ಬರೆದಳು. ಆಕ್ಷೇಪ, ಏಳನೇ ಸಾಲು, ಗೆರೆ ಒಂದು ಗೇಣು ಇಳಿದಿದೆ, ಲೆಸ್ತಾರಿ. ಈ ಸಲ ಅಳಿಸಲಿಲ್ಲ.

ಪುಟ ತೆರೆಯಿತು. ಸುಗೆಂಗ್ ತಿದ್ದಿದರು. ಹೊರಗೆ ಉಕ್ಕಿನ ಬಾಗಿಲು ಕಿರುಗುಟ್ಟುತ್ತ ಇಳಿಯುವ ಸದ್ದು ಕೇಳಿತು. ನೀರು ಹೊಸ ಗೆರೆಗೆ ಇನ್ನೂ ನಾಲ್ಕು ಬೆರಳು ಕೆಳಗಿತ್ತು. ಅಷ್ಟರಲ್ಲಿ ಒಬ್ಬ ಹಿರಿಯ ಆಪರೇಟರು ಮೆಲ್ಲಗೆ ಬಂದು ಲೆಸ್ತಾರಿಯ ಹೆಸರಿನ ಕೆಳಗೆ ತನ್ನದೂ ಬರೆದ, ಆಕ್ಷೇಪ ಎಂದು. ಅವನ ಹಿಂದೆ ಇನ್ನೊಬ್ಬ ಬಂದ. ಆಮೇಲೆ ದೂರದ ಪಂಪ್‌ಹೌಸುಗಳಿಂದಲೂ ಹೆಸರುಗಳು ಒಂದರ ಕೆಳಗೊಂದು ಇಳಿಯತೊಡಗಿದವು. ಅವಳೊಬ್ಬಳೇ ಯಾಕೆ ಹೊರಬೇಕು ಎಂದು ಎಲ್ಲರಿಗೂ ಒಟ್ಟಿಗೇ ಅನ್ನಿಸಿತ್ತು.

"ಸಾಕ್ರಪ್ಪಾ ಸಾಕು, ಬಾಗಿಲು ಇಳಿದಾಯ್ತು!" ಎಂದು ಸುಗೆಂಗ್ ಕೂಗಿದರು. ನಗುತ್ತಲೂ ಇದ್ದರು, ತೋಳಿನಿಂದ ಕಣ್ಣೊರೆಸಿಕೊಳ್ಳುತ್ತಲೂ ಇದ್ದರು.

ಇಂದುಮತಿ ಮನೆಗೆ ಫೋನು ಹಚ್ಚಿದಳು. "ಅತ್ತೀ, ಅಂಗಳಕ್ಕ ನೀರು ಬಂತೇನ್ರೀ?"

"ಎಲ್ಲೀ ನೀರು? ಹಪ್ಪಳ ಒಣಗಿ ಖಣಖಣ ಅನ್ನಾಕತ್ತಾವು. ಬಜ್ಜಿ ಹೆಂಗಾಗಿದ್ವು, ಖಾರ ಆತೇನು?"

 ಆ ಮೊಣಕಾಲುನೋವಿನ ಮುದುಕಿಗೆ, ಅಳಿಸದೆ ಬರೆದ ಆ ಹೆಣ್ಣಿಗೆ, ಗೊತ್ತಿಲ್ಲ ಎಂದು ಒಪ್ಪಿಕೊಂಡ ಆ ಯಂತ್ರಕ್ಕೆ ಒಟ್ಟಿಗೇ ಕೈಮುಗಿಯಬೇಕು ಎಂದು ಇಂದುಮತಿಗೆ ಅನ್ನಿಸಿತು. "ಭಾಳ ಚಲೋ ಆಗಿದ್ವು ಅತ್ತಿ," ಎಂದಳು.

ಭರತ ಇಳಿದ ಮೇಲೆ, ಎಲ್ಲರೂ ಹೋದ ಕೊಠಡಿಯಲ್ಲಿ ಸುಗೆಂಗ್ ಪರದೆಯ ಮುಂದೆ ಒಬ್ಬರೇ ಕೂತಿದ್ದರು. ಡಬ್ಬಿ ಒಯ್ಯಲು ಬಂದ ಇಂದುಮತಿಗೆ ಅವರ ಮಾತು ಕೇಳಿಸಿತು.

"ನಿನ್ನೆ ಈ ಸಾಲಿನಲ್ಲಿ ಯಾರು ಯಾರು ನಿಂತರು?"

"ಹೇಳುವ ಹಕ್ಕು ನನಗಿಲ್ಲ, ಪಾಕ್."

"ಹೇಳಬೇಡ. ಎಲ್ಲರೂ ನಿಂತಿದ್ದರು ಅಂತ ನನಗೆ ಗೊತ್ತು." ಅವರು ಇಂದುಮತಿಯ ಕಡೆ ತಿರುಗಿದರು. "ಬು ಇಂದು, ಮೂವತ್ತು ವರ್ಷ ಜನ ನನ್ನೆದುರು ಸುಮ್ಮನಿದ್ದದ್ದು ನಾನು ಸರಿ ಇದ್ದೆ ಅಂತಲೇ ಅಂದುಕೊಂಡಿದ್ದೆ."

"ನೀವು ಸರಿ ಇದ್ದಿರಿ, ಪಾಕ್. ಇಲ್ಲದಿದ್ದರೆ ಆ ಮಹಾಭರತದಲ್ಲಿ..."

"ಅದನ್ನೇ ಕೂತು ಯೋಚಿಸ್ತಿದ್ದೆ," ಎಂದರು ಅವರು. "ನಾಳೆ ಒಂದು ಕಡೆ ಹೋಗಬೇಕು. ನೀವೂ ಬರ್ತೀರಾ? ನಿಮ್ಮ ಅತ್ತೆಯವರ ಬಜ್ಜಿ ಸ್ವಲ್ಪ ಸಿಕ್ಕರೆ ಒಳ್ಳೇದು."

ಮರುದಿನ ಅವರು ಹೋದದ್ದು ಮರ್ಜೋ ಎಂಬ ಮುದುಕನ ಮನೆಗೆ. ಸುಗೆಂಗ್ ಅವರ ಕೈಕೆಳಗೆ ಬಾಗಿಲುಗಳಿಗೆ ಎಣ್ಣೆ ಹಾಕುತ್ತಿದ್ದವರು. ನಿವೃತ್ತರಾಗಿ ವರ್ಷಗಳಾಗಿದ್ದವು. ಹಲ್ಲು ಹೋಗಿದ್ದವು, ಕಣ್ಣು ಚುರುಕಾಗಿದ್ದವು. ಮುಖ್ಯಸ್ಥರು ಮನೆಗೆ ಬಂದರೆಂದು ಗಡಿಬಿಡಿಯಲ್ಲಿ ಕುರ್ಚಿ ಹುಡುಕಿದರು. ಸುಗೆಂಗ್ ಕುರ್ಚಿ ಬೇಡ ಎಂದು, ಮರ್ಜೋ ಅವರನ್ನೇ ಅದರಲ್ಲಿ ಕೂರಿಸಿ, ತಾವು ಎದುರಿಗೆ ಚಾಪೆಯ ಮೇಲೆ ಕೂತರು.

"ಮಹಾಭರತದ ಹಿಂದಿನ ಸಂಜೆ ಚಹಾ ಕುಡೀತಾ ನೀವು ಒಂದು ಕಥೆ ಹೇಳಿದ್ರಿ," ಎಂದರು ಸುಗೆಂಗ್. "ನಿಮ್ಮ ಸೋದರಮಾವ ಬಾತುಕೋಳಿ ಸಾಕಿದ್ದರಂತೆ. ಗಾಳಿ ಇದ್ದಕ್ಕಿದ್ದಂತೆ ಪಶ್ಚಿಮಕ್ಕೆ ತಿರುಗಿದರೂ, ಸರ್ಕಾರದವರು ಹೇಳಲಿ ಅಂತ ಕಾದು ಕೊಳದ ಬಾಗಿಲು ಹಾಕಲಿಲ್ಲವಂತೆ. ಬಾತುಕೋಳಿ ಎಲ್ಲ ಕಡಲಿಗೆ ಹೋದವಂತೆ. ನಾವೆಲ್ಲ ಬಿದ್ದು ಬಿದ್ದು ನಕ್ಕಿದ್ವಿ. ಮನೆಗೆ ಹೋಗುವಾಗ ದಾರಿಯಲ್ಲಿ ಗಾಳಿ ಪಶ್ಚಿಮಕ್ಕೆ ತಿರುಗಿದ್ದು ನನ್ನ ಗಮನಕ್ಕೆ ಬಂತು. ವಾಪಸು ಓಡಿಬಂದು ಬಾಗಿಲು ಇಳಿಸಿಬಿಟ್ಟೆ. ನನಗೇ ಹೊಳೀತು ಅಂತ ಊರಿಗೆಲ್ಲ ಹೇಳಿದೆ. ಶಾಲು ಹೊದಿಸಿದರು, ಹೊದ್ದುಕೊಂಡೆ." ಅವರು ಚಾಪೆಯ ಮೇಲೆ ತುಸು ಮುಂದಕ್ಕೆ ಸರಿದರು. "ಪಾಕ್ ಮರ್ಜೋ, ಆ ಕಥೆ ನೀವು ನನಗೇ ಅಂತ ಹೇಳಿದ್ದಲ್ವಾ? ಈಗ ಅರ್ಥವಾಯಿತು. ತಡವಾಯಿತು, ಆದರೂ ನಿಮ್ಮ ಉಪಕಾರ ನೆನೆಯೋದಕ್ಕೆ ಬಂದೆ."

ಮರ್ಜೋ ಬಜ್ಜಿಯ ಮೆತ್ತಗಿನ ತುದಿಯನ್ನು ಬೊಚ್ಚುಬಾಯಿಯಲ್ಲಿ ಹೊರಳಿಸಿ ನುಂಗಿದರು. ಆಮೇಲೆ ಅವರ ಹೊಟ್ಟೆ ಮೊದಲು ನಕ್ಕಿತು, ಮುಖ ಆಮೇಲೆ ನಕ್ಕಿತು.

"ಯಾವ ಸೋದರಮಾವ, ಪಾಕ್? ನಮ್ಮಮ್ಮನಿಗೆ ಅಣ್ಣತಮ್ಮಂದಿರೇ ಇರಲಿಲ್ಲ," ಎಂದರು. "ಚಹಾ ತಗೊಳ್ಳಿ, ಆರಿಹೋಗುತ್ತೆ."